ಗೋಬಿ ಗಾಡಿಯ ಬೇರು ಹುಡುಕುತ್ತಾ ಕೋಲ್ಕತ್ತದ ಹಳೇ ಓಣಿಗೆ

ಸಂಜೆ ಆರಾಯಿತೆಂದರೆ ಕೋಲಾರದ ಪೇಟೆಯಲ್ಲಿ ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಹಗಲೆಲ್ಲ ಬಸ್ಸಿನ ಹೊಗೆ, ಕನಕಾಂಬರ, ಹುರಿಗಡಲೆ ಬೆರೆತಿದ್ದ ಕಡೆ ಬೆಳ್ಳುಳ್ಳಿ ಕಾದ ಎಣ್ಣೆಗೆ ಬಿದ್ದ ಘಾಟು ಏಳುತ್ತದೆ. ತಳ್ಳುಗಾಡಿಯ ಕೆಳಗಿನ ಬರ್ನರ್ ಭುಸುಗುಡಲು ಶುರುಮಾಡಿದರೆ ಸಾಕು, ಟ್ಯೂಷನ್ ಮುಗಿಸಿದ ಮಕ್ಕಳು, ಡ್ಯೂಟಿ ಮುಗಿಸಿ ಬಂದ ಹುಡುಗರು, ಪಾರ್ಸೆಲ್ ಕೇಳುವ ತಾಯಂದಿರು ಎಲ್ಲರೂ ಅಲ್ಲಿ ಸೇರುತ್ತಾರೆ. ಗಾಡಿಯ ಹಣೆಯ ಮೇಲೆ ಕೆಂಪು ಬಣ್ಣದ ಡ್ರ್ಯಾಗನ್ ಚಿತ್ರ, ಅದರ ಪಕ್ಕದಲ್ಲಿ ಹಳದಿ ಅಕ್ಷರದಲ್ಲಿ ‘ಚೈನೀಸ್ ಫಾಸ್ಟ್ ಫುಡ್’. ಕೆಳಗೆ ಗೋಬಿ ಮಂಚೂರಿ, ಎಗ್ ರೈಸ್, ಹಕ್ಕಾ ನೂಡಲ್ಸ್.

ಒಂದು ಸಂಜೆ ಆ ಫಲಕದ ಮುಂದೆ ನಿಂತು ನನ್ನ ಅಕ್ಕನ ಮಗಳು ಕೇಳಿದಳು: “ಮಾವಾ, ಗೋಬಿ ಮರುಭೂಮಿ ಚೀನಾದಲ್ಲಿದೆ ಎಂದು ಪಾಠದಲ್ಲಿದೆ. ಮಂಚೂರಿಯಾವೂ ಅಲ್ಲೇ ಇದೆ. ಹಾಗಾದರೆ ಇದು ಆ ಎರಡು ಊರುಗಳ ತಿಂಡಿಯೇ?”

ಏಳನೇ ತರಗತಿಯ ಹುಡುಗಿ ಭೂಪಟ ನೋಡಿ ಕೇಳಿದ ಪ್ರಶ್ನೆ ಅದು. ನಮ್ಮೂರಿನಲ್ಲಿ ಇಷ್ಟು ವರ್ಷ ಇದನ್ನು ತಿಂದ ನಾವ್ಯಾರೂ ಹಾಗೆ ಕೇಳಿಕೊಂಡಿರಲಿಲ್ಲ. ಆ ಮರುಭೂಮಿಗೂ ಈ ತಟ್ಟೆಗೂ ಸಂಬಂಧವಿಲ್ಲ ಎಂದು ಅಲ್ಲಿಯೇ ಹೇಳಿದೆ. ಹಿಂದಿಯಲ್ಲಿ ಹೂಕೋಸಿಗೆ ‘ಗೋಭಿ’ ಎನ್ನುತ್ತಾರೆ. ಆ ಮಾತು ಕನ್ನಡಕ್ಕೆ ಬಂದು ತರಕಾರಿಯ ಬದಲು ತಿಂಡಿಯ ಹೆಸರಾಗಿ ನಿಂತಿತು. ಸಂತೆಯಲ್ಲಿ ನಾವು ‘ಹೂಕೋಸು ಎಷ್ಟು’ ಎಂದು ಕೇಳುತ್ತೇವೆ, ಗಾಡಿಯ ಮುಂದೆ ‘ಒಂದು ಗೋಬಿ’ ಎನ್ನುತ್ತೇವೆ. ಮಂಚೂರಿಯಾ ಎಂಬುದು ಚೀನಾದ ಈಶಾನ್ಯ ಮೂಲೆಯ ಶೀತಪ್ರದೇಶ. ಅಲ್ಲಿನವರ ಅಡುಗೆಯಲ್ಲಿ ಈ ತಿಂಡಿ ಇಲ್ಲ. ಇಷ್ಟನ್ನು ಹೇಳಿದ್ದಾಯಿತು. ಹಾಗಾದರೆ ಇದು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಹೇಳಬೇಕಾದರೆ ಇಲ್ಲಿಂದ ಸುಮಾರು 1,800 ಕಿಲೋಮೀಟರ್ ದೂರದ ಕೋಲ್ಕತ್ತದ ಹಳೇ ಬಡಾವಣೆಯೊಂದಕ್ಕೆ, ಅಲ್ಲಿನ ಎರಡು ಹೋಟೆಲುಗಳಿಗೆ ಹೋಗಬೇಕು. ನಮ್ಮ ಎಪಿಎಂಸಿಯಿಂದ ಟೊಮ್ಯಾಟೊ ಲಾರಿಗಳು ಹೋಗುವ ದೂರದ ಊರುಗಳಲ್ಲಿ ಅದೂ ಒಂದು.

ಅದಕ್ಕೂ ಮೊದಲು ಬಾಣಲೆಯೊಳಗೆ ಏನು ನಡೆಯುತ್ತದೆ ಎಂದು ನೋಡೋಣ. ಕಥೆಯ ಅರ್ಧ ಭಾಗ ಅಲ್ಲಿಯೇ ಇದೆ.

ಹೂಕೋಸನ್ನು ಹೂ ಹೂವಾಗಿ ಬಿಡಿಸಿ, ಉಪ್ಪು ಅರಿಶಿನ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿಡುತ್ತಾರೆ. ಒಳಗೆ ಅಡಗಿದ ಹಸಿರು ಹುಳು ಮೇಲೆ ಬಂದುಬಿಡಲಿ ಎಂದು. ಮಾಲೂರು, ಕೋಲಾರದ ಕಡೆಯ ತೋಟಗಳ ಹೂಕೋಸನ್ನು ಕೈಯಲ್ಲಿ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಮೇಲೆ ಮೈದಾ, ಕಾರ್ನ್‌ಫ್ಲೋರ್, ಶುಂಠಿ-ಬೆಳ್ಳುಳ್ಳಿ ಕಲಸಿದ ಹಿಟ್ಟಿನಲ್ಲಿ ಅದ್ದಿ ಒಂದು ಸಲ ಕರಿದು ರಾಶಿ ಹಾಕಿಡುತ್ತಾರೆ. ಗಿರಾಕಿ ಬಂದಾಗ ಇನ್ನೊಂದು ಸಲ ಎಣ್ಣೆಗೆ ಬೀಳುತ್ತದೆ. ಮೊದಲ ಸಲ ಹೂಕೋಸು ಬೇಯುತ್ತದೆ. ಎರಡನೆಯ ಸಲ ಹೊರಪದರದಲ್ಲಿ ಉಳಿದ ನೀರು ಆವಿಯಾಗಿ ಗರಿಗರಿಯಾಗುತ್ತದೆ.

ಇನ್ನೊಂದು ಬಾಣಲೆ ಉರಿಯ ಮೇಲೆ ಖಾಲಿಯಾಗಿಯೇ ಕಾದು ಹೊಗೆಯಾಡುತ್ತಿರುತ್ತದೆ. ಎಣ್ಣೆ, ಕೊಚ್ಚಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಒಂದರ ಹಿಂದೆ ಒಂದು, ಅರ್ಧ ನಿಮಿಷದೊಳಗೆ. ಸೋಯಾ ಸಾಸ್, ಚಿಲ್ಲಿ ಸಾಸ್, ಟೊಮ್ಯಾಟೊ ಸಾಸ್. ಕೊನೆಗೆ ಒಂದು ಸೌಟು ಬಿಳಿ ನೀರು. ಆ ಬಿಳಿ ನೀರೇ ಇಡೀ ಅಡುಗೆಯ ಜೀವ. ಅದು ತಣ್ಣೀರಿನಲ್ಲಿ ಕದಡಿದ ಕಾರ್ನ್‌ಫ್ಲೋರ್. ಬಿಸಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ತೆಳ್ಳಗಿದ್ದ ರಸ ಕ್ಷಣಾರ್ಧದಲ್ಲಿ ಮಂದವಾಗಿ ಹೊಳೆಯುತ್ತದೆ, ಕರಿದ ತುಂಡಿನ ಮೈಗೆ ಅಂಟಿಕೊಳ್ಳುತ್ತದೆ. ನಮ್ಮ ಹುಳಿ, ಸಾಗು ಎಲ್ಲ ಬೇಳೆಯಿಂದಲೋ ತೆಂಗಿನಕಾಯಿಯಿಂದಲೋ ಮಂದವಾಗಬೇಕಾದರೆ ಹೊತ್ತು ಹಿಡಿಯುತ್ತದೆ. ಇದಕ್ಕೆ ಎರಡೇ ನಿಮಿಷ. ದೊಡ್ಡ ಉರಿಯಲ್ಲಿ ಬೇಗ ಹುರಿದು, ಪಿಷ್ಟದಿಂದ ರಸ ಕಟ್ಟುವ ಈ ವಿದ್ಯೆ ಮಾತ್ರ ನಿಜವಾಗಿ ಚೀನೀಯರ ಕೈಯದು.

ಪದಾರ್ಥಗಳ ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಮೆಣಸಿನಕಾಯಿ, ಟೊಮ್ಯಾಟೊ, ಮೆಕ್ಕೆಜೋಳ ಮೂರೂ ಅಮೆರಿಕ ಖಂಡದವು. ಹೂಕೋಸು ಮೆಡಿಟರೇನಿಯನ್ ಕಡೆಯದು. ಭಾರತಕ್ಕೆ ಅದರ ಬೀಜ ಬಂದದ್ದು 1822ರಲ್ಲಿ, ಬ್ರಿಟಿಷರ ಮೂಲಕ. ಚೀನಾದ ಕೊಡುಗೆ ಎಂದು ಅನುಮಾನವಿಲ್ಲದೆ ಬೆರಳು ಮಾಡಿ ತೋರಿಸಬಹುದಾದದ್ದು ಸೋಯಾ ಸಾಸ್. ಸೋಯಾ ಕಾಳು, ಗೋಧಿ, ಉಪ್ಪುನೀರು ಬೆರೆಸಿ, ಒಳ್ಳೆಯ ಜಾತಿಯ ಬೂಷ್ಟು ಬೆಳೆಸಿ, ತಿಂಗಳುಗಟ್ಟಲೆ ಹುಳಿಯಿಸಿ ಸೋಸಿದ ರಸ ಅದು. ಉಪ್ಪಿನಕಾಯಿ ಜಾಡಿಯನ್ನು ವರ್ಷಗಟ್ಟಲೆ ಕಾಯುವ ನಮ್ಮ ಮನೆಯ ಹೆಂಗಸರಿಗೆ ಆ ತಾಳ್ಮೆ ಅರ್ಥವಾಗುತ್ತದೆ.

ಗಾಡಿಯವರು ಹಾಕುವ ‘ಟೇಸ್ಟಿಂಗ್ ಪೌಡರ್’ ಬಗ್ಗೆ ನಮ್ಮಲ್ಲಿ ದೊಡ್ಡ ಭಯವಿದೆ. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನೆ ಇಕೆಡಾ ಕಡಲಕಳೆಯ ಸಾರಿನಿಂದ ಬೇರ್ಪಡಿಸಿದ ಗ್ಲುಟಮೇಟ್ ಎಂಬ ರುಚಿಯ ಉಪ್ಪು ಅದು. ಅದೇ ಗ್ಲುಟಮೇಟ್ ಹಣ್ಣಾದ ಟೊಮ್ಯಾಟೊದಲ್ಲಿ ತಾನೇ ತಾನಾಗಿ ಇದೆ. ಟೊಮ್ಯಾಟೊ ಸಾರು ಅಷ್ಟು ಹಿತವಾಗಿರುವುದಕ್ಕೆ ಅದೂ ಒಂದು ಕಾರಣ. ಅಳತೆ ಮೀರಿದರೆ ಯಾವುದೂ ಒಳ್ಳೆಯದಲ್ಲ, ಸರಿ. ಆದರೆ ನಿಜವಾಗಿ ಹೆದರಬೇಕಾದದ್ದು ಬಣ್ಣಕ್ಕೆ. ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಸಂಗ್ರಹಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯ್ಸಿನ್ ಎಂಬ ಹೆಸರುಗಳು ಪತ್ರಿಕೆಗಳಲ್ಲಿ ಬಂದದ್ದು ಆಗಲೇ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಆದೇಶವನ್ನು ಪ್ರಕಟಿಸಿದರು. ತಪ್ಪಿದರೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ. ನಿಷೇಧವಾದದ್ದು ಬಣ್ಣಕ್ಕೆ, ಗೋಬಿಗಲ್ಲ. ಬ್ಯಾಡಗಿ ಮೆಣಸಿನಕಾಯಿಯಂತಹ ಕೆಂಪು ನಮ್ಮ ನಾಡಿನಲ್ಲೇ ಇರುವಾಗ ಪ್ಯಾಕೆಟ್ಟಿನ ಬಣ್ಣ ಯಾಕೆ ಬೇಕಿತ್ತು ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ. ನೆನೆಸಿ ರುಬ್ಬಿದ ಬ್ಯಾಡಗಿ ಹಾಕಿ ಮನೆಯಲ್ಲಿ ಮಾಡಿ ನೋಡಿದ್ದೇನೆ. ಖಾರ ಹದವಾಗಿರುತ್ತದೆ, ಬಣ್ಣ ಇಟ್ಟಿಗೆ ಕೆಂಪು. ಬೆರಳಿಗೆ ಅಂಟಿದ್ದು ತೊಳೆದರೆ ಹೋಗುತ್ತದೆ.

ಈಗ ಹೆಸರಿನ ಜಾಡು ಹಿಡಿಯೋಣ. ‘ಮಂಚೂರಿಯನ್’ ಹುಟ್ಟಿದ್ದು ಮುಂಬೈಯಲ್ಲಿ ಎಂಬುದು ಎಲ್ಲರೂ ಹೇಳುವ ಕಥೆ. 1970ರ ದಶಕದಲ್ಲಿ ನೆಲ್ಸನ್ ವಾಂಗ್ ಎಂಬ ಯುವಕ ಅಲ್ಲಿನ ಕ್ರಿಕೆಟ್ ಕ್ಲಬ್ಬಿನಲ್ಲಿ ಅಡುಗೆ ಮಾಡುತ್ತಿದ್ದರು. 1975ರಲ್ಲಿ ಗಿರಾಕಿಯೊಬ್ಬರು ಪಟ್ಟಿಯಲ್ಲಿಲ್ಲದ ಹೊಸದೇನಾದರೂ ಮಾಡಿಕೊಡಿ ಎಂದು ಕೇಳಿದರಂತೆ. ವಾಂಗ್ ಅವರು ಯಾವ ಭಾರತೀಯ ಅಡುಗೆಯವನೂ ಮೊದಲು ಕೈ ಹಾಕುವ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯನ್ನೇ ಎತ್ತಿಕೊಂಡರು. ಆದರೆ ಗರಂ ಮಸಾಲೆ ಹಾಕಬೇಕಾದ ಜಾಗದಲ್ಲಿ ಸೋಯಾ ಸಾಸ್ ಮತ್ತು ಕಾರ್ನ್‌ಫ್ಲೋರ್ ಹಾಕಿದರು. ಕೋಳಿ ತುಂಡುಗಳ ಆ ಅಡುಗೆಗೆ ಚಿಕನ್ ಮಂಚೂರಿಯನ್ ಎಂಬ ಹೆಸರು ಬಂತು. ಮುಂದೆ ಅವರು ‘ಚೈನಾ ಗಾರ್ಡನ್’ ಎಂಬ ಹೆಸರಾಂತ ಹೋಟೆಲನ್ನು ಕಟ್ಟಿದರು. ಮಾಂಸ ತಿನ್ನದವರಿಗಾಗಿ ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆ ನಂತರ. ಅದನ್ನು ಮೊದಲು ಮಾಡಿದ ಕೈಗೆ ಯಾರೂ ಹೆಸರು ಬರೆದಿಟ್ಟಿಲ್ಲ.

ಈ ಕಥೆ ಇಲ್ಲಿಗೇ ಮುಗಿಯಿತು ಎಂದು ಹಲವರು ಬರೆದುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಒಂದು ಸಣ್ಣ ವಿವರ: ವಾಂಗ್ ಹುಟ್ಟಿದ್ದು ಚೀನಾದಲ್ಲಲ್ಲ, ಕೋಲ್ಕತ್ತದಲ್ಲಿ. ಆ ಊರಿನಲ್ಲಿ ಚೀನೀ ಮೂಲದವರು ಅಷ್ಟುಹೊತ್ತಿಗೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿ ಬದುಕಿದ್ದರು.

ಮೊದಲು ಬಂದವನೆಂದು ನೆನೆಯುವ ಹೆಸರು ಟಾಂಗ್ ಅಚ್ಯೂ. 18ನೇ ಶತಮಾನದ ಕೊನೆಯ ಭಾಗದಲ್ಲಿ, ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದಾಗ, ಆತ ಹೂಗ್ಲಿ ನದಿಯ ದಂಡೆಯಲ್ಲಿ ಬಜ್‌ಬಜ್ ಹತ್ತಿರ ಜಮೀನು ಪಡೆದು ಕಬ್ಬು ಬೆಳೆದು ಸಕ್ಕರೆ ಗಿರಣಿ ನಡೆಸಿದ. ಚೀನಾದಿಂದಲೇ ಕೆಲಸಗಾರರನ್ನು ಕರೆತಂದ. ಗಿರಣಿ ಬಹಳ ಕಾಲ ಬಾಳಲಿಲ್ಲ, ಅಚ್ಯೂ ಕೂಡ ಬೇಗ ತೀರಿಹೋದ. ಆದರೆ ಆ ಊರಿಗೆ ಅವನ ಹೆಸರೇ ಉಳಿಯಿತು: ಅಚಿಪುರ. ಕುದುರೆಲಾಳದ ಆಕಾರದ ಕೆಂಪು ಸಮಾಧಿ ಅಲ್ಲಿ ಈಗಲೂ ಇದೆ. ಚೀನೀ ಹೊಸ ವರ್ಷದ ಹೊತ್ತಿಗೆ ಕೋಲ್ಕತ್ತದ ಚೀನೀ ಕುಟುಂಬಗಳು ಅಲ್ಲಿಗೆ ಹೋಗಿ ಊದಿನಕಡ್ಡಿ ಹಚ್ಚಿ ಬರುತ್ತವೆ. ನಾವು ಮೂಲದೇವರಿಗೆ ವರ್ಷಕ್ಕೊಮ್ಮೆ ನಡೆದುಕೊಳ್ಳುವುದಿಲ್ಲವೇ, ಹಾಗೆ.

ಅಚ್ಯೂವಿನ ನಂತರದವರು ನಗರದೊಳಗೆ ಬಂದು ನೆಲೆಸಿದ್ದು ಟಿರೆಟ್ಟಾ ಬಜಾರಿನ ಓಣಿಗಳಲ್ಲಿ. ಆ ಹೆಸರು ಎಡ್ವರ್ಡ್ ಟಿರೆಟ್ಟಾ ಎಂಬ ಇಟಲಿಯವನದು. ಕಂಪನಿ ಸರ್ಕಾರದಲ್ಲಿ ಬೀದಿ-ಕಟ್ಟಡಗಳ ಉಸ್ತುವಾರಿ ನೋಡುತ್ತಿದ್ದವನು. ಸ್ಥಳೀಯರ ಬಾಯಲ್ಲಿ ಅದು ‘ಟೆರಿಟಿ ಬಜಾರ್’. ಚೀನಾದ ಬೇರೆ ಬೇರೆ ಸೀಮೆಗಳಿಂದ ಬಂದವರು ಒಂದೊಂದು ಕಸುಬು ಹಿಡಿದರು. ಕ್ಯಾಂಟನ್ ಕಡೆಯವರು ಬಡಗಿಗಳು, ಹಡಗುಕಟ್ಟೆಯಲ್ಲಿ ಅವರ ಕೈಕೆಲಸಕ್ಕೆ ಬೇಡಿಕೆ. ಹುಬೇ ಪ್ರಾಂತ್ಯದವರು ದಂತವೈದ್ಯರು. ಹಕ್ಕಾ ಜನ ಚಪ್ಪಲಿ-ಬೂಟು ಹೊಲಿಯುವವರು, ಚರ್ಮ ಹದ ಮಾಡುವವರು.

ಹಕ್ಕಾ ಎಂದರೆ ‘ಹೊರಗಿನಿಂದ ಬಂದ ಮನೆಯವರು’ ಎಂಬ ಅರ್ಥ. ಚೀನಾದೊಳಗೇ ಶತಮಾನಗಳ ಕಾಲ ಉತ್ತರದಿಂದ ದಕ್ಷಿಣಕ್ಕೆ ವಲಸೆ ಹೋಗುತ್ತ ಎಲ್ಲಿಯೂ ‘ಬಂದವರು’ ಎಂದೇ ಕರೆಸಿಕೊಂಡವರು. ನಮ್ಮೂರಿನ ಗಾಡಿಯ ಮೇಲೆ ನೂಡಲ್ಸ್ ಹಿಂದೆ ಬರೆದಿರುವುದು ಈ ಜನರ ಹೆಸರು. ಚರ್ಮದ ಕಸುಬು ಇವರ ಪಾಲಿಗೆ ಬಂದದ್ದಕ್ಕೆ ನಮ್ಮ ಸಮಾಜದ ಕಾರಣವೂ ಇದೆ. ಆ ಕೆಲಸ ಮಾಡುವವರನ್ನು ಜಾತಿಯ ಹೆಸರಿನಲ್ಲಿ ದೂರವಿಟ್ಟ ನಾಡಿನಲ್ಲಿ ಬಂಡವಾಳವಿದ್ದ ಮೇಲ್ಜಾತಿಯವರು ಅದನ್ನು ಮುಟ್ಟಲಿಲ್ಲ; ಖಾಲಿ ಬಿದ್ದಿದ್ದ ಜಾಗಕ್ಕೆ ಹಕ್ಕಾಗಳು ಬಂದು ನಿಂತರು. ಪೂರ್ವ ಕೋಲ್ಕತ್ತದ ತಂಗ್ರಾ ಎಂಬ ಜವುಗು ನೆಲದಲ್ಲಿ 20ನೇ ಶತಮಾನದ ಆರಂಭದಿಂದ ಅವರ ಚರ್ಮದ ಕಾರ್ಖಾನೆಗಳು ಎದ್ದವು. ಚರ್ಮ ಹದ ಮಾಡುವಲ್ಲಿ ಅವರ ಜೊತೆ ದುಡಿದವರು ಬಿಹಾರದ ದಲಿತರು.

ಟಿರೆಟ್ಟಾದಲ್ಲಿ ಒಂದೊಂದು ಸೀಮೆಯವರೂ ತಮ್ಮದೇ ಸಂಘ, ತಮ್ಮದೇ ಗುಡಿ ಕಟ್ಟಿಕೊಂಡರು. ವಿಚಿತ್ರವೆಂದರೆ ಗುಡಿಗಳಿಗೆ ‘ಚರ್ಚ್’ ಎಂಬ ಹೆಸರು. ಬ್ರಿಟಿಷರ ಕಾಲದ ರೂಢಿ ಹಾಗೆಯೇ ನಿಂತಿದೆ. ಬ್ಲ್ಯಾಕ್‌ಬರ್ನ್ ಓಣಿಯ ಟೂಂಗ್ ಆನ್ ಚರ್ಚ್ ಅಂಥದ್ದೊಂದು. ಮೇಲಿನ ಅಂತಸ್ತಿನಲ್ಲಿ ಗುವಾನ್ ಯು ಎಂಬ ವೀರದೇವರ ಪೂಜೆ. ಕೆಳಗಿನ ಅಂತಸ್ತಿನಲ್ಲಿ 1920ರ ದಶಕದಲ್ಲಿ ಶುರುವಾದದ್ದು ‘ನಾನ್‌ಕಿಂಗ್’ ಹೋಟೆಲ್. ಕೋಲ್ಕತ್ತದ ಮೊದಲ ಚೀನೀ ಹೋಟೆಲ್ ಎಂದು ಅದನ್ನು ಹೇಳುತ್ತಾರೆ. ಅಲ್ಲಿಯವರೆಗೆ ಚೀನೀ ಊಟ ಎಂದರೆ ಆ ಜನರ ಮನೆಯೊಳಗಿನದು, ಹಡಗಿನ ಆಳುಗಳು ತಿನ್ನುವ ಓಣಿಯ ಅಂಗಡಿಗಳದು. ಬಿಳಿ ಮೇಜುಬಟ್ಟೆ ಹಾಸಿ, ಬಂಗಾಳಿ ಬಾಬುಗಳನ್ನು, ಇಂಗ್ಲಿಷರನ್ನು, ಆಮೇಲೆ ಸಿನಿಮಾ ನಟರನ್ನು ಕೂರಿಸಿ ಬಡಿಸಿದ್ದು ನಾನ್‌ಕಿಂಗ್. ಅದು ಮುಚ್ಚಿ ದಶಕಗಳಾದವು. ಕಟ್ಟಡ ಕೆಂಪಗೆ ನಿಂತಿದೆ, ಮಹಡಿಯ ದೇವರು ಅಲ್ಲೇ ಇದ್ದಾನೆ.

ಅದೇ ದಶಕದಲ್ಲಿ ಹುಟ್ಟಿ ಇನ್ನೂ ಒಲೆ ಆರದ ಹೋಟೆಲ್ ಇನ್ನೊಂದಿದೆ: ಗಣೇಶಚಂದ್ರ ಅವೆನ್ಯೂದಲ್ಲಿ, ಪೆಟ್ರೋಲ್ ಬಂಕಿನ ಮೇಲಿನ ಮಹಡಿಯಲ್ಲಿರುವ ‘ಓ ಚ್ಯೂ’. ಚೀನೀ ಭಾಷೆಯಲ್ಲಿ ಆ ಹೆಸರಿಗೆ ‘ಯುರೋಪ್’ ಎಂದು ಅರ್ಥ. ಬಂಗಾಳದಲ್ಲಿ ಚೀನೀ ಮನೆತನದ ಹೋಟೆಲು, ಅದಕ್ಕೆ ಯುರೋಪಿನ ಹೆಸರು! ಬಂದರು ಪಟ್ಟಣದ ಬದುಕು ಹೇಗಿತ್ತು ಎಂದು ಹೇಳಲು ಆ ಫಲಕವೊಂದೇ ಸಾಕು. ಒಂದೇ ಕುಟುಂಬ ತಲೆಮಾರುಗಳಿಂದ ಅದನ್ನು ನಡೆಸಿಕೊಂಡು ಬಂದಿದೆ. ಅಲ್ಲಿಯ ಹೆಸರಾಂತ ತಿನಿಸು ಚಿಮಣಿ ಸೂಪ್. ಲೋಹದ ಪಾತ್ರೆಯ ನಡುವೆ ಕೊಳವೆ. ಕೊಳವೆಯೊಳಗೆ ನಿಗಿನಿಗಿ ಇದ್ದಿಲು. ಸುತ್ತಲಿನ ಕಂದಕದಲ್ಲಿ ಸಾರು, ಅದರಲ್ಲಿ ಸೊಪ್ಪು, ಮೀನು, ಸೀಗಡಿ, ಮಾಂಸ, ಮೊಟ್ಟೆ. ಮೇಜಿನ ಮೇಲೆಯೇ ಕುದಿಯುತ್ತಿರುತ್ತದೆ. ಹಂಡೆಯೊಲೆಯ ಮುಂದೆ ಕೂತು ಬೆಳೆದ ನಮ್ಮ ಕಡೆಯವರಿಗೆ ನೋಡಿದ ಕೂಡಲೇ ಅದರ ಯಂತ್ರ ತಿಳಿಯುತ್ತದೆ. ಮಧ್ಯದ ಕೊಳವೆಯಲ್ಲಿ ಬೆಂಕಿ ಹಾಕಿ ಸುತ್ತಲಿನ ನೀರು ಕಾಯಿಸುವ ತಾಮ್ರದ ಬಾಯ್ಲರ್ ಇದ್ದ ಮನೆಗಳು ನಮ್ಮಲ್ಲೂ ಇದ್ದವಲ್ಲ.

ಈ ಹೋಟೆಲುಗಳಲ್ಲಿಯೇ ಅಡುಗೆ ನಿಧಾನವಾಗಿ ಹೊರಳಿಕೊಂಡಿತು. ಯಾರೋ ಒಬ್ಬರು ಒಂದು ದಿನ ಕೂತು ಬದಲಿಸಿದ್ದಲ್ಲ. ಬಂದ ಗಿರಾಕಿ ಅನ್ನದ ಜೊತೆ ಕಲಸಿಕೊಳ್ಳಲು ರಸ ಕೇಳಿದ, ಗೊಜ್ಜಿನ ರೂಪ ಹುಟ್ಟಿತು. ಖಾರ ಕೇಳಿದ, ಹಸಿಮೆಣಸಿನಕಾಯಿ ಹೆಚ್ಚಿತು. ಚೀನಾದಿಂದ ಸಾಸ್ ತರಿಸುವುದು ದುಬಾರಿಯಾದಾಗ ಟಿರೆಟ್ಟಾದಲ್ಲೇ ಸಾಸ್ ತಯಾರಿಸುವ ಮನೆಗಳು ಎದ್ದವು. 1958ರಲ್ಲಿ ಶುರುವಾದ ಪೌ ಚಾಂಗ್ ಈಗಲೂ ಇದೆ. ಅವರ ಹಸಿಮೆಣಸಿನಕಾಯಿ ಸಾಸ್ ಕೋಲ್ಕತ್ತದ ರೋಲ್ ಅಂಗಡಿಗಳ ಮಾತಾಗಿಬಿಟ್ಟಿದೆ. ನಮ್ಮ ಗೋಬಿ ಗಾಡಿಯ ಹಸಿರು, ಕೆಂಪು, ಕಪ್ಪು ಮೂರು ಬಾಟಲಿಗಳ ಸಾಲು ಇಂಥ ಅಡುಗೆಮನೆಗಳಿಂದ ಬಂದದ್ದು.

ಆಮೇಲೆ 1962 ಬಂತು.

ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ ಭಾರತ-ಚೀನಾ ನಡುವೆ ಒಂದು ತಿಂಗಳ ಯುದ್ಧ. ಶಾಲೆಯಲ್ಲಿ ನಾವು ಓದಿದ್ದು ಗಡಿಯ ಸೋಲಿನ ಬಗ್ಗೆ. ಆ ಸೋಲಿನ ಸಿಟ್ಟು ಯಾರ ಮೇಲೆ ತಿರುಗಿತು ಎಂಬುದನ್ನು ಯಾವ ಮೇಷ್ಟರೂ ನಮಗೆ ಹೇಳಲಿಲ್ಲ. ಚೀನೀ ಮೂಲದವರನ್ನು, ಇಲ್ಲಿಯೇ ಹುಟ್ಟಿದವರನ್ನೂ ಸೇರಿಸಿ, ಬಂಧಿಸಲು ಭಾರತ ರಕ್ಷಣಾ ಕಾನೂನಿನ ಮತ್ತು ವಿದೇಶಿಯರ ಕಾನೂನಿನ ಅಧಿಕಾರ ಬಳಸಲಾಯಿತು. ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಗಳಿಂದ ಸುಮಾರು 3,000 ಜನರನ್ನು ರೈಲಿನಲ್ಲಿ ರಾಜಸ್ಥಾನದ ದೇವಲಿಗೆ ಕರೆದೊಯ್ದರು. ಎರಡನೇ ಮಹಾಯುದ್ಧದಲ್ಲಿ ಯುದ್ಧಕೈದಿಗಳನ್ನು ಇಟ್ಟಿದ್ದ ಶಿಬಿರ ಅದು. ಮುದುಕರು, ಬಾಣಂತಿಯರು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಇದ್ದರು. ಯಾರ ಮೇಲೂ ವಿಚಾರಣೆ ನಡೆಯಲಿಲ್ಲ. ಹಲವರು ವರ್ಷಗಟ್ಟಲೆ ಅಲ್ಲಿದ್ದರು. ಕೊನೆಯವರು ಹೊರಬಂದದ್ದು 1967ರಲ್ಲಿ. ಬಂದು ನೋಡಿದರೆ ಮನೆ, ಅಂಗಡಿ ಬೇರೆಯವರ ಪಾಲಾಗಿದ್ದವು. ಕೋಲ್ಕತ್ತದಲ್ಲಿ ಉಳಿದವರೂ ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು, ಊರು ಬಿಡಬೇಕಾದರೆ ಅನುಮತಿ ಪಡೆಯಬೇಕಿತ್ತು.

ನೂರಾರು ಕುಟುಂಬಗಳು ಹಾಂಗ್‌ಕಾಂಗ್, ಕೆನಡಾ, ಆಸ್ಟ್ರೇಲಿಯಾ ಸೇರಿದವು. ಒಂದು ಕಾಲಕ್ಕೆ ಕೋಲ್ಕತ್ತದಲ್ಲಿ ಇಪ್ಪತ್ತು ಸಾವಿರದಷ್ಟಿದ್ದ ಈ ಸಮುದಾಯ ಈಗ ಎರಡು ಸಾವಿರದ ಆಸುಪಾಸು ಎಂಬುದು ಸಾಮಾನ್ಯ ಅಂದಾಜು. ಟೊರಾಂಟೊದಲ್ಲಿ ಇವತ್ತು ‘ಹಕ್ಕಾ ಊಟ’ ಎಂದು ಫಲಕ ಹಾಕಿದ ಹೋಟೆಲಿಗೆ ಹೋದರೆ ಸಿಗುವುದು ಚಿಲ್ಲಿ ಚಿಕನ್ನು, ಮಂಚೂರಿಯನ್ನು. ತಂಗ್ರಾದಿಂದ ಹೋದವರು ಅಲ್ಲಿ ಭಾರತದ ರುಚಿಯನ್ನು ಬಡಿಸುತ್ತಿದ್ದಾರೆ. ನಾವು ‘ಚೀನಾದವರು’ ಎಂದು ಹೊರಗೆ ಕಳಿಸಿದ ಜನ ಅವರು. ಇದನ್ನು ಮೊದಲ ಸಲ ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಉಳಿದವರಿಗೆ ಕೆಲಸ ಕೊಡುವವರು ಕಡಿಮೆಯಾದಾಗ ಸ್ವಂತ ಕೈಯ ಉದ್ಯೋಗಗಳೇ ಆಸರೆಯಾದವು: ಬ್ಯೂಟಿ ಪಾರ್ಲರ್, ಬೂಟಿನಂಗಡಿ, ಹೋಟೆಲ್. ತಂಗ್ರಾದ ಕಾರ್ಖಾನೆಗಳ ಅಂಗಳದಲ್ಲೇ ಮನೆಯವರು ಊಟದ ಮೇಜು ಹಾಕಿದರು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಂಗ್ರಾ, ತಿಲ್‌ಜಲಾ, ತೋಪ್ಸಿಯಾ ಸುತ್ತಲಿನ ಸುಮಾರು 550 ಚರ್ಮದ ಕಾರ್ಖಾನೆಗಳು ನಗರದಿಂದ ಹೊರಗೆ ಹೋಗಬೇಕೆಂದು ತೀರ್ಪು ಕೊಟ್ಟಿತು. ಹೂಗ್ಲಿಗೆ ಸೇರುತ್ತಿದ್ದ ವಿಷದ ನೀರು ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರು ವರ್ಷದ ಕಸುಬು ಹೋದಾಗ ಮನೆಗಳಲ್ಲಿ ಏನಾಗುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತು. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಮದ್ರಾಸ್ ಪ್ರಾಂತ್ಯದಿಂದ ತಾತ-ಮುತ್ತಾತಂದಿರ ಕಾಲದಲ್ಲಿ ಬಂದು ನೆಲದೊಳಗೆ ಇಳಿದವರ ಮೊಮ್ಮಕ್ಕಳು ನಸುಕಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದನ್ನು ನಾವು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನೋಡುತ್ತಿದ್ದೇವೆ. ತಂಗ್ರಾದವರು ದೂರ ಹೋಗದೆ ಚರ್ಮ ಒಣಗಿಸುತ್ತಿದ್ದ ಕೊಟ್ಟಿಗೆಗಳಿಗೇ ಸುಣ್ಣ ಬಳಿದು, ಕೆಂಪು ಲಾಂದ್ರ ತೂಗಿಹಾಕಿ, ಹೋಟೆಲು ತೆರೆದರು. ಕೋಲ್ಕತ್ತದವರು ಈಗ ಚೈನಾ ಟೌನ್ ಎನ್ನುವುದು ಆ ಬೀದಿಗಳಿಗೆ.

ಅಲ್ಲಿಂದ ಕೋಲಾರಕ್ಕೆ ಬಂದ ದಾರಿ ನೇರವಾಗಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಚೀನೀ ಹೋಟೆಲುಗಳು ಬಂದವು. ದೊಡ್ಡ ಹೋಟೆಲಿನ ಪಟ್ಟಿಯಿಂದ ಅಡುಗೆ ಸಣ್ಣ ಹೋಟೆಲಿಗೆ, ಅಲ್ಲಿಂದ ಗಾಡಿಗೆ ಇಳಿಯಿತು. ನಾನು ಮಾತನಾಡಿಸಿದ ನಮ್ಮೂರಿನ ಗಾಡಿಯವರಲ್ಲಿ ಹೆಚ್ಚಿನವರು ಬೆಂಗಳೂರಿನ ಯಾವುದೋ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಈರುಳ್ಳಿ ಹೆಚ್ಚುತ್ತ ಕೈ ಪಳಗಿಸಿಕೊಂಡು ಬಂದವರು. ಬಂದ ಮೇಲೆ ನಮ್ಮ ನಾಲಿಗೆಗೆ ತಕ್ಕಂತೆ ಕರಿಬೇವು ಬಿತ್ತು, ಮೇಲೆ ಹಸಿ ಈರುಳ್ಳಿ, ನಿಂಬೆಹಣ್ಣಿನ ಹೋಳು ಬಂತು. ಈಗ ಮದುವೆಯ ಬಾಳೆಲೆಯಲ್ಲಿ ಕೋಸಂಬರಿಯ ಪಕ್ಕ ಎರಡು ತುಂಡು ಗೋಬಿ ಬಡಿಸುತ್ತಾರೆ. ಅಜ್ಜಿಯಂದಿರು ‘ಅದೇನೋ ಗೋಬಿಯಂತೆ, ಇನ್ನೊಂದು ಹಾಕಪ್ಪ’ ಎನ್ನುತ್ತಾರೆ.

ಎರಡು ವರ್ಷದ ಹಿಂದೆ ನಾನು ಕೋಲ್ಕತ್ತಕ್ಕೆ ಹೋದೆ. ಭಾನುವಾರ ಬೆಳಗಿನ ಆರು ಗಂಟೆಗೆ ಪೊದ್ದಾರ್ ಕೋರ್ಟ್ ಹತ್ತಿರದ ಸುನ್ ಯಾತ್ ಸೆನ್ ಬೀದಿಯಲ್ಲಿದ್ದೆ. ಟಿರೆಟ್ಟಾದ ಚೀನೀ ಉಪಾಹಾರ ಸಿಗುವುದು ಬೆಳಗಿನ ಮೂರು ಗಂಟೆಗಳ ಹೊತ್ತು ಮಾತ್ರ. ಅಲ್ಯೂಮಿನಿಯಂ ಡಬರಿಗಳ ಮುಚ್ಚಳ ತೆಗೆದರೆ ಹಬೆ. ಒಳಗೆ ಬೆಳ್ಳಗಿನ ಬನ್ನುಗಳು, ಮೋಮೋ, ಅಕ್ಕಿಯ ಕಡುಬಿನಂಥದ್ದು. ನಾನು ಮೀನುಂಡೆಯ ಸಾರು ಕುಡಿದೆ. ತೆಳ್ಳಗೆ, ಬಿಳಿಯಾಗಿ, ಮೆಣಸಿನಪುಡಿಯ ಸುಳಿವು ಮಾತ್ರ ಇದ್ದ ಸಾರು. ಸೋಯಾ ಸಾಸಿನ ಕಪ್ಪಿಲ್ಲ, ಕಾರ್ನ್‌ಫ್ಲೋರಿನ ಹೊಳಪಿಲ್ಲ. ಮನೆಯವರು ಮನೆಯಲ್ಲಿ ಉಣ್ಣುವುದು ಇದು. ನಮಗೆ ಮಾಡಿಕೊಟ್ಟದ್ದು ಅದು. ಮಾರುವವರಲ್ಲಿ ಚೀನೀ ಮುಖಗಳು ಬೆರಳೆಣಿಕೆಯಷ್ಟು. ಉಳಿದವರು ಬಂಗಾಳಿಗಳು, ಬಿಹಾರಿಗಳು, ಅದೇ ಕೈಚಳಕದಿಂದ ಮೋಮೋ ಮಡಿಸುತ್ತಿದ್ದರು. ಅದೇ ಬೀದಿಯ ತರಕಾರಿ ಸಾಲಿನಲ್ಲಿ ಟೊಮ್ಯಾಟೊ ತುಂಬಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಮಂಡಿಯವರ ಗುರುತಿನ ಎರಡು ಕನ್ನಡ ಅಕ್ಷರ ಕಂಡಾಗ ಕಾಲು ಅಲ್ಲೇ ನಿಂತಿತು. ಹದಿನೈದು ಕೆಜಿಯ ಬಾಕ್ಸ್, ನಮ್ಮ ಕಡೆಯದು.

ಮಧ್ಯಾಹ್ನ ಪೆಟ್ರೋಲ್ ಬಂಕಿನ ಪಕ್ಕದ ಮೆಟ್ಟಿಲು ಹತ್ತಿ ಓ ಚ್ಯೂಗೆ ಹೋದೆ. ಸಣ್ಣ ಹಜಾರ, ಗೋಡೆಗೆ ಹಳೆಯ ಚಿತ್ರಗಳು, ಗಡಿಬಿಡಿಯಿಲ್ಲದ ಬಡಿಸುವವರು. ಚಿಮಣಿ ಸೂಪ್ ಬೇಕೆಂದೆ. ಮೊದಲೇ ಹೇಳಿಟ್ಟರೆ ಮಾತ್ರ ಮಾಡುತ್ತೇವೆ, ಇದ್ದಿಲು ಹಚ್ಚಿ ಸಾರು ಇಳಿಸಲು ಹೊತ್ತು ಬೇಕು ಎಂದರು. ನೂಡಲ್ಸ್ ತಿಂದು, ಚಹಾ ಕುಡಿದು ಕೆಳಗಿಳಿದೆ. ಅಕ್ಕನ ಮಗಳ ದಸರಾ ರಜೆ ಹದಿನೈದು ದಿನ ಇರುತ್ತದೆ. ಈ ಸಲ ಅವಳನ್ನು ಕರೆದುಕೊಂಡು, ಎರಡು ದಿನ ಮೊದಲೇ ಫೋನ್ ಮಾಡಿ ಹೇಳಿಟ್ಟು ಹೋಗುತ್ತೇನೆ.